ಟೈಪಿಂಗ್ ಮಾವಶಿಯ ಮೂರು ಕೆಮ್ಮು

ಮಾವಶಿಯ ಬಲಗೈ ಕಿರುಬೆರಳು ತುದಿಯಲ್ಲಿ ಸೊಟ್ಟಗಾಗಿತ್ತು. ಕನ್ನಡ ಟೈಪ್‌ರೈಟರಿನ ಬಿಗಿ ಕೀಲಿಗಳನ್ನು ಮೂವತ್ತು ವರ್ಷ ಕುಟ್ಟಿ ಕುಟ್ಟಿ ಆದದ್ದು. ಉಗುರಿನ ಸಂದಿಯಲ್ಲಿ ಕಾರ್ಬನ್ ಕಾಗದದ ನೀಲಿ, ಎಷ್ಟು ಸಾಬೂನು ತಿಕ್ಕಿದರೂ ಹೋಗುತ್ತಿರಲಿಲ್ಲ. ಟೈಪು ಕಲಿಯಲಿಕ್ಕೆ, ಮಾಡಿಸಲಿಕ್ಕೆ ಬಂದವರಿಗೆಲ್ಲ ಆ ಕೈಯಿಂದಲೇ ಅವಲಕ್ಕಿ ಕಲಸಿ ಕೊಡುತ್ತಿದ್ದಳು, ನಾವು ತಿನ್ನುತ್ತಿದ್ದೆವು. ಯಾರಿಗೂ ಏನೂ ಆಗಲಿಲ್ಲ.

ಬೆಳಗಾವಿಯ ಶಹಾಪುರದ ಒಂದು ಗಲ್ಲಿಯಲ್ಲಿ ಅವಳ ಟೈಪಿಂಗ್ ಕ್ಲಾಸು. ಎರಡೂ ಬದಿಗೆ ಮಗ್ಗಗಳ ಖಟಪಟ, ನಡುವೆ ಇವಳ ಆರು ಮಶೀನುಗಳ ಟಕಟಕ. ಮಾತಾಡಬೇಕಾದರೆ ಚೀರಬೇಕು. ಹಾಗಾಗಿ ಮಾವಶಿ ಮನೆಯಲ್ಲೂ ಚೀರಿಯೇ ಮಾತಾಡುತ್ತಿದ್ದಳು. ಮನೆಮಾತು ಮರಾಠಿ, ಹೊಟ್ಟೆಪಾಡಿನ ಮಾತು ಕನ್ನಡ. ಮರಾಠಿಯಲ್ಲಿ ಚಿಕ್ಕಮ್ಮನಿಗೆ ಮಾವಶಿ ಅನ್ನುತ್ತಾರೆ; ಗಲ್ಲಿಗೆಲ್ಲ ಅವಳು ಮಾವಶಿ. ವಕೀಲರ ಅರ್ಜಿ, ಖರೀದಿಪತ್ರ, ಬಂದದ್ದನ್ನೆಲ್ಲ ಟೈಪು ಮಾಡುತ್ತಿದ್ದಳು. "ಬರದದ್ದ ಹೊಡಿಯೂದ ನಮ್ಮ ಕೆಲಸ. ಅರ್ಥ ಮಾಡ್ಕೊಳ್ಳೂದ ವಕೀಲರ ಕೆಲಸ" ಅನ್ನುತ್ತಿದ್ದಳು. ಆ ನಿಯಮ ಮುರಿದದ್ದು ನನ್ನ ಕಾದಂಬರಿಯ ವಿಷಯದಲ್ಲಿ ಮಾತ್ರ ಅಂತ ಕಾಣುತ್ತದೆ.

ಇಸವಿ ಎರಡು ಸಾವಿರದ ಆಚೀಚೆ. ನಾನು ಖಾನಾಪುರದಿಂದ ದಿನಾ ಬಸ್ಸಿನಲ್ಲಿ ಬೆಳಗಾವಿಯ ಕಾಲೇಜಿಗೆ ಬರುತ್ತಿದ್ದೆ. ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯಿಂದ ಹರಿದ ಇಂಗ್ಲಿಷ್ ಕಾದಂಬರಿಗಳನ್ನು ತಂದು ಓದಿ, ನಾನೂ ಒಂದು ಬರೆಯಲಿಕ್ಕೆ ಕೂತಿದ್ದೆ. ಮುಂದೆ ಯಾವುದೋ ಕಾಲದ ಒಂದು ಊರು. ಸುತ್ತಲೂ ಗೋಡೆ. ಅಲ್ಲಿ ಯಾರಿಗೂ ಹೆಸರಿಲ್ಲ, ನಂಬರು ಅಷ್ಟೇ. ಹೆಸರಿಟ್ಟು ಕರೆದರೆ ಅಪರಾಧ. ಹದಿನೆಂಟು ತುಂಬಿದ ದಿನ ಸರಕಾರ ಚೀಟಿ ಕೊಡುತ್ತದೆ. ಚೀಟಿಯಲ್ಲಿದ್ದ ನಂಬರಿನವರನ್ನೇ ಮದುವೆಯಾಗಬೇಕು. ನನ್ನ ಹದಿನೇಳನೇ ನಂಬರಿನ ಹುಡುಗಿ ಮಾತ್ರ, ಚೀಟಿಯಲ್ಲಿಲ್ಲದ ನಲವತ್ತೊಂದನ್ನು ಪ್ರೀತಿಸಿ ಕೂತಿದ್ದಳು.

ಒಂದು ಪತ್ರಿಕೆಯ ಕಾದಂಬರಿ ಸ್ಪರ್ಧೆಗೆ ಕಳಿಸಬೇಕು, ಟೈಪು ಮಾಡಿಯೇ ಕಳಿಸಬೇಕೆಂಬ ಷರತ್ತು. ಹಾಗೆ ನೋಟುಬುಕ್ಕು ಹಿಡಿದು ಮಾವಶಿಯ ಕ್ಲಾಸಿಗೆ ಹೋಗತೊಡಗಿದೆ. ಮಾವಶಿ ಹತ್ತು ಪುಟ ಹೊಡೆದು ಕನ್ನಡಕ ತೆಗೆದಳು.

"ಇದರಾಗ ಮುಂದಿನ ಕಾಲ ಎಲ್ಲೈತಿ ಹುಡುಗೀ? ನಮ್ಮ ಗಲ್ಲ್ಯಾಗ ನಿನ್ನೆನ ಆಗೇತಿ ಇದು. ಚೀಟಿ ಕೊಡಾವ್ರು ಸರಕಾರದವ್ರಲ್ಲ, ಸೋದರಮಾವಗೋಳು. ಅಷ್ಟ ಫರಕು!"

ನನಗೆ ಸಿಟ್ಟು ಬಂತು. ಕೊನೆಯ ಅಧ್ಯಾಯ ಕೊಟ್ಟಾಗ ಅವಳಿಗೆ ಸಿಟ್ಟು ಬಂತು. ಗೋಡೆಯ ಬುಡದಲ್ಲಿ ಇಬ್ಬರನ್ನೂ ಕೊಂದಿದ್ದೆ. ಬರೆಯುವಾಗ ನಾನೇ ಅತ್ತಿದ್ದೆ, ಭಾರೀ ಚಲೋ ಆಗಿದೆ ಅಂದುಕೊಂಡಿದ್ದೆ.

"ಇದನ್ನ ನಾ ಹೊಡಿಯಾಂಗಿಲ್ಲ. ಗ್ವಾಡಿ ಕಟ್ಟಿದವ್ರು ಆರಾಮ ಊಟಾ ಮಾಡಿ ಮಲಗಬೇಕು, ಇವು ಎರಡೂ ಕೂಸು ಸಾಯಬೇಕು? ಬ್ಯಾರೆ ಬರಕೊಂಡ ಬಾ."

"ಬರದದ್ದ ಹೊಡಿಯೂದ ನಿನ್ನ ಕೆಲಸ ಅಂತಿದ್ದಿ?"

"ಅದು ಕೋರ್ಟಿನ ಕಾಗದಕ್ಕ. ಬಾಯಿ ಮಾಡಬ್ಯಾಡ, ಅವಲಕ್ಕಿ ತಿನ್ನು."

ಇನ್ನು ಮುಚ್ಚಿಟ್ಟು ಏನು ಮಾಡಲಿ! ನಲವತ್ತೊಂದನೇ ನಂಬರಿನವನು ಖರೇನ ಇದ್ದ. ನನ್ನ ಬಸ್ಸಿಗೇ ಬಂದು, ಉದ್ಯಮಬಾಗದಲ್ಲಿ ಇಳಿದು ಫೌಂಡ್ರಿ ಕೆಲಸಕ್ಕೆ ಹೋಗುತ್ತಿದ್ದ. ಜಾತಿ ಬೇರೆ, ಮನೆಮಾತು ಮರಾಠಿ. ನಾವು ಬಸವಣ್ಣನ ವಚನ ಹೇಳಿಕೊಂಡೇ ಬೆಳೆದವರು. ಆದರೆ ವಚನ ಹೇಳುವುದು ಬೇರೆ, ಮಗಳನ್ನು ಕೊಡುವುದು ಬೇರೆ. ಅಪ್ಪ ಖಾನಾಪುರದಲ್ಲಿ ಅಕ್ಕಿ ವ್ಯಾಪಾರಿ. ಬೀಡಿ ಅನ್ನುವ ಊರಿನ ಒಂದು ಮನೆತನದ ಜೊತೆ ಆಗಲೇ ನನ್ನ ಮದುವೆಯ ಮಾತು ಶುರು ಮಾಡಿದ್ದ. ಈ ಸುದ್ದಿ ಕಿವಿಗೆ ಬಿದ್ದರೆ ಕಾಲೇಜೂ ಮುಗಿಯಿತು, ಬಸ್ಸೂ ಮುಗಿಯಿತು, ಮುಂದಿನ ತಿಂಗಳು ಅಕ್ಷತೆ.

ಮಗಳು ಮಧ್ಯಾಹ್ನ ಕಾಲೇಜು ಬಿಟ್ಟು ಶಹಾಪುರಕ್ಕೆ ಹೋಗುತ್ತಾಳೆ ಅಂತ ಯಾರೋ ಪುಣ್ಯಾತ್ಮರು ಅಪ್ಪನಿಗೆ ಮುಟ್ಟಿಸಿದರು. ಒಂದು ದಿನ ತಲೆಯೆತ್ತಿದರೆ ಬಾಗಿಲಲ್ಲಿ ಅಪ್ಪ!

"ಏನೋ ಬರೀತಾಳಂತಲ್ರಿ ಬಾಯಾರ. ಕೊಡ್ರಿಲ್ಲೆ, ನೋಡೂಣು."

ಮಶೀನಿನ ಬದಿಗೆ ನನ್ನ ನೋಟುಬುಕ್ಕು ತೆರೆದುಕೊಂಡು ನಿಂತಿತ್ತು. ಅದರಲ್ಲಿ ಏನಿದೆ ಅಂತ ನಾನು ಆಗ ಕಂಡದ್ದು. ಬಸ್ಸಿನಲ್ಲಿ ಬರೆದ ಪುಟ ಅದು, ಆ ಫೌಂಡ್ರಿ ಹುಡುಗ ಮುಂದಿನ ಸೀಟಿನಲ್ಲಿ ಕೂತಿದ್ದ ದಿನದ್ದು. ನಲವತ್ತೊಂದು ಅಂತ ಬರೆಯಬೇಕಾದ ಕಡೆ ನನ್ನ ಹಾಳು ಪೆನ್ನು ಅವನ ಹೆಸರನ್ನೇ ಬರೆದುಬಿಟ್ಟಿತ್ತು. ಒಂದು ಕಡೆಯಲ್ಲ, ಮೂರು ಕಡೆ.

ಅಪ್ಪ ಕೈ ಚಾಚಿದ. ಮಾವಶಿ ನೋಟುಬುಕ್ಕು ಎತ್ತಿ ಮಡಿಲಿಗೆ ಹಾಕಿಕೊಂಡಳು.

"ಈಕಿ ಅಕ್ಷರ ನಿಮಗ ತಿಳಿಯಾಂಗಿಲ್ರಿ ಸಾವಕಾರ್ರ. ಕಾಗಿ ಕಾಲು ಗುಬ್ಬಿ ಕಾಲು. ಕುಂದರ್ರಿ, ನಾ ಓದ್ತೀನಿ."

ಓದಿದಳು. ಮೊದಲ ಸಲ ಆ ಹೆಸರು ಬಂದಾಗ ಕೆಮ್ಮಿದಳು, ಕೆಮ್ಮಿ "ನಲವತ್ತೊಂದು" ಅಂದಳು. ಎರಡನೇ ಸಲವೂ ಹಾಗೆಯೇ. ಮೂರನೆಯ ಸಲ ಕೆಮ್ಮು ಜೋರಾಗಿ, ನೀರು ಕುಡಿದು, ಆಮೇಲೆ "ನಲವತ್ತೊಂದು" ಅಂದಳು. ನಾನು ನೆಲ ನೋಡುತ್ತ ಇದ್ದ ಬಿದ್ದ ದೇವರಿಗೆಲ್ಲ ಹರಕೆ ಹೊತ್ತೆ. ಓದು ಮುಗಿದಾಗ, ಮಾವಶಿ ತರಿಸಿಕೊಟ್ಟ ಚಹಾ ಅಪ್ಪನ ಕೈಯಲ್ಲೇ ಆರಿಹೋಗಿತ್ತು.

"ಮುಂದ ಏನಾತು?" ಅಂದ.

"ಈಕಿ ಇನ್ನೂ ಬರದಿಲ್ರಿ" ಅಂದಳು ಮಾವಶಿ.

"ಹೂಂ" ಅಂದು ಎದ್ದು ಹೋದ.

ಅವನು ಗಲ್ಲಿ ದಾಟಿದ ಮೇಲೆ ಮಾವಶಿ ನನ್ನ ಕಿವಿ ಹಿಡಿದಳು. "ಆ ಊರಾಗ ಹೆಸರು ಹೇಳಿದ್ರ ಅಪರಾಧ ಅಂತ ನೀನ ಬರದಿ. ಈ ಊರಾಗೂ ನಂಬರ ಹೇಳ್ಕೊಂತ ಕುಂಡ್ರಾಕಿ ಏನ ನೀ? ನಾ ಎಷ್ಟ ದಿನಾ ಕೆಮ್ಮಲಿ?"

ಕೊನೆಯ ಅಧ್ಯಾಯ ಬದಲಿಸಿದೆ. ಇಬ್ಬರೂ ಹಗಲಿನಲ್ಲೇ, ಒಬ್ಬರನ್ನೊಬ್ಬರು ಹೆಸರಿಟ್ಟು ಕೂಗುತ್ತ, ಗೋಡೆಯ ಅಗಸೆಬಾಗಿಲು ದಾಟಿ ಹೋಗುತ್ತಾರೆ. ಮಾವಶಿ ಒಂದೇ ಪಟ್ಟಿಗೆ ಕೂತು ಹೊಡೆದು ಮುಗಿಸಿದಳು. ಬಹುಮಾನ ಬರಲಿಲ್ಲ, ಕಾದಂಬರಿ ಹೋದ ಹಾಗೆಯೇ ವಾಪಸ್ಸು ಬಂತು. ಆದರೆ ಅಷ್ಟು ಹೊತ್ತಿಗೆ ನಾನು ಅಪ್ಪನ ಅಂಗಡಿಗೆ ಹೋಗಿ, ಅಕ್ಕಿ ಚೀಲಗಳ ನಡುವೆ ನಿಂತು, ಆ ಹೆಸರು ಹೇಳಿಬಿಟ್ಟಿದ್ದೆ.

ಅಪ್ಪ ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟ.

"ಹೆಸರೊಂದ ಗೊತ್ತಿರಲಿಲ್ಲ" ಅಂದ. "ಕೋರ್ಟ ಕಾಗದ ಗಡಗಡ ಓದಾಕಿ, ಆ ಹುಡುಗ ಬಂದಾಗಷ್ಟ ಕೆಮ್ಮತಾಳಂದ್ರ ಅಲ್ಲೆ ಬ್ಯಾರೆ ಏನೋ ಬರದೈತಿ ಅಂತ ತಿಳಿಯೂದಿಲ್ಲೇನ ನನಗ? ನೀನಾಗೇ ಹೇಳ್ತಿ ಏನೋ ಅಂತ ಕಾಯಾಕತ್ತಿದ್ನಿ."

ಅಪ್ಪ ಮತ್ತೆ ತಕ್ಕಡಿ ಎತ್ತಿಕೊಂಡ.

"ಕಡೀಕ ಏನ ಮಾಡಿದಿ ಅವರಿಬ್ಬರನ್ನ? ಕೊಂದ್ಯೋ?"

"ಇಲ್ಲಪಾ. ಉಳದಾರ."

"ಬೀಡಿಯವರಿಗೆ ಬ್ಯಾಡ ಅಂತ ಹೇಳಿ ಕಳಸ್ತೀನಿ. ಆದ್ರ ನನ್ನ ಸಿಟ್ಟ ಇಳದೈತಿ ಅಂತ ತಿಳ್ಕೋಬ್ಯಾಡ."

ಇಳಿಯಲಿಕ್ಕೆ ಎರಡು ವರ್ಷ ಬೇಕಾಯಿತು. ಮದುವೆಯಲ್ಲಿ ಮಾವಶಿಯದೇ ದರ್ಬಾರು. "ಈಕಿ ಅಪ್ಪಗ ಹೆಂಗ ಟೋಪಿ ಹಾಕಿದ್ನಿ ಗೊತ್ತೇನ?" ಅಂತ ಊಟದ ಪಂಕ್ತಿಗೆಲ್ಲ ಕೇಳುವ ಹಾಗೆ ಚೀರುತ್ತಿದ್ದಳು. ಪಕ್ಕದ ಪಂಕ್ತಿಯಲ್ಲಿ ಬಡಿಸುತ್ತಿದ್ದ ಅಪ್ಪ ಕೇಳಿಯೂ ಕೇಳದವನ ಹಾಗಿದ್ದ. ನನಗೂ ಖರೇ ಹೇಳಲಿಕ್ಕೆ ಮನಸ್ಸಾಗಲಿಲ್ಲ.

ಆಮೇಲೆ ಗಲ್ಲಿಗೆ ಗಲ್ಲಿಗೆ ಕಂಪ್ಯೂಟರ್ ಬಂದವು. ಮಾವಶಿಯ ಮಶೀನುಗಳು ಒಂದೊಂದೇ ಗುಜರಿಗೆ ಹೋದವು. ಅವಳು ಹಾಸಿಗೆ ಹಿಡಿದಾಗ ಅಪ್ಪನನ್ನು ಕರೆದುಕೊಂಡು ಹೋದೆ. ಆ ಚೀರುವ ದನಿ ಪಿಸುಮಾತಾಗಿತ್ತು. ಅಪ್ಪನ ಕೈ ಹಿಡಿದು, "ಸಾವಕಾರ್ರ, ಅವತ್ತ ನಾ ನಿಮಗ ಸುಳ್ಳು ಓದಿದ್ನಿರಿ. ಹೊಟ್ಟ್ಯಾಗ ಹಾಕ್ಕೋರಿ" ಅಂದಳು.

ಅಪ್ಪ ನನ್ನ ಕಡೆ ನೋಡಲೇ ಇಲ್ಲ. "ಹೌದೇನ್ರಿ ಬಾಯಾರ? ಇಷ್ಟ ವರ್ಷ ನನಗ ತಿಳೀಲೇ ಇಲ್ಲ ನೋಡ್ರಿ!" ಅಂದ.

ಮಾವಶಿಯ ಮುಖ ಅರಳಿತು. ನನ್ನ ಕಡೆ ತಿರುಗಿ, "ಕೇಳಿದೇನ ಹುಡುಗೀ?" ಅಂತ ನಕ್ಕಳು. ಒಂಬತ್ತು ದಿನಕ್ಕೆ ಹೋದಳು.