ಎಡಕ್ಕೆ ಬಿದ್ದ ಹೂವು

ದೇವರನ್ನು ನಂಬುವವಳೇ ನಾನು. ಆದರೆ ದೇವಿಯ ತಲೆಯ ಮೇಲಿಟ್ಟ ಹೂವು ಬಲಕ್ಕೆ ಬಿದ್ದರೆ ಶುಭ, ಎಡಕ್ಕೆ ಬಿದ್ದರೆ ಅಶುಭ ಎನ್ನುವುದನ್ನು ಮಾತ್ರ ನಂಬುತ್ತಿರಲಿಲ್ಲ. ಇಟ್ಟ ಹೂವು ಯಾವ ಕಡೆಗಾದರೂ ಬೀಳಲೇಬೇಕಲ್ಲ ಎನ್ನುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ನನ್ನ ಎದೆಯಲ್ಲೊಂದು ಗಂಟು ಕಾಣಿಸಿತು. ನಮ್ಮೂರು ಹೊಳಗುಂದದಿಂದ ಆದೋನಿಯ ಆಸ್ಪತ್ರೆಗೆ ಹೋದೆವು. ಸೂಜಿ ಚುಚ್ಚಿ ಒಳಗಿನದನ್ನು ಎಳೆದು ಗಾಜಿನ ಮೇಲೆ ಸವರಿದರು. ಸಾದಾ ಗಂಟು, ಭಯವಿಲ್ಲ ಎಂದು ರಿಪೋರ್ಟ್ ಬಂತು.

ಆದರೂ ನನಗೆ ಊಟ ಸೇರುತ್ತಿರಲಿಲ್ಲ. ಮರುದಿನ ನನ್ನ ಗಂಡನ ಅಕ್ಕ ಈರಮ್ಮ ಮನೆದೇವಿಯ ಮುಂದೆ ಹೂವು ಕೇಳಲು ಕೂತರು. ದೇವಿಯ ತಲೆಯ ಎರಡೂ ಬದಿಗೆ ಒಂದೊಂದು ಹೂವು; ಎಡದ್ದನ್ನು ಗಂಧದಲ್ಲಿ ಗಟ್ಟಿಯಾಗಿ ಒತ್ತಿ, ಬಲದ್ದನ್ನು ಮುಟ್ಟಿದರೆ ಬೀಳುವಂತೆ ತುದಿಯಲ್ಲಿಟ್ಟರು.

ನನ್ನ ಗಂಡ ನಕ್ಕರು. "ಅಕ್ಕಾ, ದೇವ್ರಿಗೇ ಟೋಪಿ ಹಾಕ್ತಿಯೇನು?"

"ಸುಮ್ನಿರಪಾ. ಆಕಿ ಎರಡು ತುತ್ತು ಉಣ್ಣಲಿ."

ಗಂಟಿನಲ್ಲಿ ಏನೂ ಇಲ್ಲದಿದ್ದರೆ ಬಲಕ್ಕೆ ಕೊಡು ತಾಯಿ ಎಂದು ಕೈಮುಗಿದೆ. ಒತ್ತಿಟ್ಟಿದ್ದ ಎಡದ ಹೂವೇ ಗಂಧದ ಸಮೇತ ಕಿತ್ತು ಬಿತ್ತು.

"ಫ್ಯಾನಿನ ಗಾಳಿ!" ಎಂದರು ಈರಮ್ಮ.

"ಕರೆಂಟ್ ಎಲ್ಲೈತಿ ಅಕ್ಕಾ?" ಈ ಸಲ ನನ್ನ ಗಂಡ ನಗಲಿಲ್ಲ.

ಅಷ್ಟರಲ್ಲೇ ಫೋನು ಬಂತು. ಗಾಜು ಪರೀಕ್ಷಿಸಿದ್ದ ಡಾಕ್ಟರಮ್ಮ. "ಗಾಬರಿ ಆಗಬ್ಯಾಡ್ರಿ ಅಮ್ಮಾ. ನಿಮ್ಮ ಸ್ಲೈಡ್ ಈಗ ಮತ್ತ ನೋಡಿದೆ. ಲೋಳಿ ಭಾಳ ಐತಿ, ನನ್ನ ಮನಸ್ಸು ಒಪ್ಪವಲ್ದು. ಗಂಟಿನ ಚೂರೊಂದು ತಗದು ನೋಡೋಣು, ಬರ್ರಿ."

ಆ ಚೂರಿನಲ್ಲಿ ಕ್ಯಾನ್ಸರ್ ಸಿಕ್ಕಿತು, ಅದೂ ಅಪರೂಪದ ಬಗೆ. ಡಾಕ್ಟರಮ್ಮ ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ಗಂಜಿಯಲ್ಲಿ ಸಬ್ಬಕ್ಕಿ ತೇಲಿದ ಹಾಗೆ ಲೋಳೆಯಲ್ಲಿ ಜೀವಕೋಶಗಳ ಗುಂಪು. ನೋಡಲು ಸಾಧುವಾಗಿಯೇ ಇರುತ್ತವಂತೆ, ಅದಕ್ಕೇ ಸೂಜಿ ಪರೀಕ್ಷೆಯಲ್ಲಿ ಎಂಥವರನ್ನೂ ಏಮಾರಿಸುತ್ತವಂತೆ. ತಾವೇ ಕೊಟ್ಟ ರಿಪೋರ್ಟನ್ನು ತಾವೇ ಅನುಮಾನಿಸಿ, ಫೋನು ಮಾಡಿ ಕರೆಯಲು ಎಷ್ಟು ದೊಡ್ಡ ಮನಸ್ಸು ಬೇಕು! ನಿಧಾನವಾಗಿ ಬೆಳೆಯುವ ಬಗೆ, ಹಬ್ಬುವ ಮೊದಲೇ ಸಿಕ್ಕಿತು. ಆಪರೇಷನ್ ಆಯಿತು, ಇವತ್ತು ನನ್ನ ಮನೆಯ ರೊಟ್ಟಿ ನಾನೇ ತಟ್ಟುತ್ತಿದ್ದೇನೆ. ಇದೇನು ಸಣ್ಣ ಕೃಪೆಯೇ?

ಒಮ್ಮೆ ಡಾಕ್ಟರಮ್ಮನಿಗೆ ಹೂವಿನ ವಿಷಯ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ನಗದೆ, "ಆ ಸ್ಲೈಡ್ ಪೆಟ್ಟಿಗ್ಯಾಗ ಇಟ್ಟುಬಿಟ್ಟಿದ್ದೆ ಅಮ್ಮಾ. ಯಾಕ ಮತ್ತ ತಗದೆನೋ ನನಗೂ ಗೊತ್ತಿಲ್ಲ" ಎಂದರು.

ಹೂವು ಮೊದಲು ಬಿತ್ತೋ, ಅವರ ಕೈ ಮೊದಲು ಆ ಪೆಟ್ಟಿಗೆಗೆ ಹೋಯಿತೋ, ನನಗೆ ಇಂದಿಗೂ ತಿಳಿದಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ತುದಿಯಲ್ಲಿಟ್ಟಿದ್ದ ಬಲದ ಹೂವು ನಾವು ಮತ್ತೆ ಆದೋನಿಗೆ ಹೋಗಿ ಬಂದರೂ ಅಲ್ಲೇ ಇತ್ತು.