ಅವ್ವ ಇಲ್ಲದ ಫೋಟೋಗಳು

ಅವತ್ತು ಭಾನುವಾರ. ವಿಜಯನಗರದ ನಮ್ಮ ಬಾಡಿಗೆ ಮನೆಯ ಹಿತ್ತಿಲಲ್ಲಿ ಒರಳಿನ ಮುಂದೆ ಕೂತು ಉದ್ದು ರುಬ್ಬುತ್ತಿದ್ದೆ. ಬೇಳೆ ಇನ್ನೂ ನುಣ್ಣಗಾಗಿರಲಿಲ್ಲ. ಮುಂದುಗಡೆ ಸೈಕಲ್ ನಿಲ್ಲಿಸಿದ ಸದ್ದಾಯಿತು. ಎದ್ದು ನೋಡಿದರೆ ನನ್ನ ಅಣ್ಣನ ಪಕ್ಕದ ಮನೆಯವರು, ಕೆಂಗೇರಿಯಾಚೆಯ ನಮ್ಮೂರಿನಿಂದ ಬೆವರು ಸುರಿಸಿಕೊಂಡು ಬಂದು ನಿಂತಿದ್ದರು.

"ಅವ್ವಂಗೆ ಒಸಿ ಹುಷಾರಿಲ್ಲ ಕಣವ್ವ. ನಿಮ್ಮಣ್ಣ ಕರ್ಕೊಂಬಾ ಅಂದ."

"ಕೂತ್ಕೊಳಿ, ನೀರು ತರ್ತೀನಿ."

"ನೀರು ಬ್ಯಾಡ. ನೀನು ಹೊಲ್ಡು."

ನಮ್ಮ ಕಡೆ ಸಾವಿನ ಸುದ್ದಿ ತಂದವರು ಆ ಮನೆಯಲ್ಲಿ ನೀರು ಮುಟ್ಟುವುದಿಲ್ಲ. ಅಷ್ಟು ದೂರ ಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಬಂದವರು ನೀರು ಬೇಡ ಎಂದಾಗಲೇ ನನಗೆ ತಿಳಿಯಿತು. ಹಿಟ್ಟಿನ ಕೈಯನ್ನು ಬಕೆಟ್ಟಿನಲ್ಲಿ ಅದ್ದಿ, ಒರಳಿನ ಮೇಲೆ ತಟ್ಟೆ ಮುಚ್ಚಿ, ಉಟ್ಟ ಸೀರೆಯಲ್ಲೇ ಹೊರಟೆ. ನಮ್ಮ ಮನೆಯವರು ಬಂದರೆ ಊರಿಗೆ ಕಳಿಸಿಕೊಡಿ ಎಂದಷ್ಟೇ ಪಕ್ಕದ ಮನೆಯ ಆಂಟಿಗೆ ಹೇಳಿದೆ.

ನಮ್ಮ ಮನೆಯವರು ಬೆಳಗ್ಗೆಯೇ ಕ್ಯಾಮೆರಾ ತೆಗೆದುಕೊಂಡು ಹೋಗಿದ್ದರು. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಅವರು ಗುಮಾಸ್ತರು. ಭಾನುವಾರ ಬಂದರೆ ಫೋಟೋಗ್ರಾಫರು. ಅವರಂಥ ಇನ್ನೂ ಕೆಲವರು ಸೇರಿಕೊಂಡು ಒಂದು ಕ್ಲಬ್ಬು ಮಾಡಿಕೊಂಡಿದ್ದರು. ನಾಗರಭಾವಿ ಕಡೆಯ ರಾಗಿ ಹೊಲಗಳು, ಮಾಗಡಿ ರಸ್ತೆಯ ಹುಣಸೆ ಮರಗಳು, ಕೆರೆ ಏರಿಯ ಮೇಲೆ ಹೋಗುವ ಗಾಡಿಗಳು, ಎಲ್ಲಕ್ಕಿಂತ ಹೆಚ್ಚಾಗಿ ಹಳೆಯ ಚರ್ಚುಗಳು. ಕಲ್ಲಿನ ಗೋಡೆ, ಕಮಾನಿನ ಕಿಟಕಿ, ಅದರಿಂದ ನೆಲಕ್ಕೆ ಬೀಳುವ ಬೆಳಕು ಎಂದರೆ ಅವರಿಗೆ ಪ್ರಾಣ. ಕೆಲಸ ಕಡಿಮೆಯಿದ್ದ ಭಾನುವಾರ ನಾನೂ ಚಿತ್ರಾನ್ನದ ಡಬ್ಬಿ ಹಿಡಿದು ಅವರ ಹಿಂದೆ ನಡೆಯುತ್ತಿದ್ದೆ. ಚರ್ಚಿನೊಳಗೆ ನಾನು ಚಪ್ಪಲಿ ಬಿಟ್ಟು ಕೈಮುಗಿದು ನಿಲ್ಲುತ್ತಿದ್ದೆ. ಯಾವ ಹೆಸರಿನಿಂದ ಕರೆದರೂ ಓಗೊಡುವವನು ಒಬ್ಬನೇ ಎಂದು ನಾನು ನಂಬಿದವಳು. ಅಷ್ಟರಲ್ಲಿ ಹಿಂದಿನಿಂದ ಇವರ ದನಿ ಬರುತ್ತಿತ್ತು: "ಏ, ಪಕ್ಕಕ್ಕೆ ಸರಿಯೇ. ನಿನ್ನ ನೆರಳು ಬೀಳ್ತಾ ಇದೆ."

ಹಾಗೆ ತೆಗೆದ ಒಂದು ಫೋಟೋ ನಮ್ಮ ನಡುಮನೆಯಲ್ಲಿ ಕಟ್ಟು ಹಾಕಿಸಿಕೊಂಡು ನೇತಾಡುತ್ತಿತ್ತು. ಚರ್ಚಿನ ಮೆಟ್ಟಿಲ ಮೇಲೆ ಜಪಮಣಿ ಹಿಡಿದು ಕೂತ ಯಾರೋ ಮುದುಕಿ. ಮುಖದ ಒಂದೊಂದು ಗೆರೆಯೂ ಎಣಿಸುವಷ್ಟು ಸ್ಪಷ್ಟ. ಕ್ಲಬ್ಬಿನಲ್ಲಿ ಅದಕ್ಕೆ ಬಹುಮಾನ ಬಂದಿತ್ತು. ಅವ್ವ ನಮ್ಮ ಮನೆಗೆ ಬಂದಾಗ ಅದರ ಮುಂದೆ ನಿಂತು, "ಯಾರ ಹೆತ್ತವ್ವನೋ, ಎಷ್ಟು ಚೆಂದಾಗಿ ಬಂದವ್ಳೆ," ಎಂದಿದ್ದಳು.

ಒಮ್ಮೆ ನಾನು ಕೇಳಿಯೇಬಿಟ್ಟೆ. "ರೀ, ಊರಿನವರ ಫೋಟೋ ಎಲ್ಲಾ ತೆಗೀತೀರ. ಮನೆಯವರದ್ದು ಒಂದಾದ್ರೂ ತೆಗೀಬಾರ್ದಾ?"

"ಮನೆಯವರು ಎಲ್ಲಿಗೆ ಹೋಗ್ತಾರೆ ಕಣೇ? ಈ ಹಳ್ಳಿಗಳು ನೋಡು, ಇವತ್ತಿದ್ದು ನಾಳೆ ಲೇಔಟ್ ಆಗೋಗುತ್ತೆ. ಈ ಕೆರೆ ಇರಲ್ಲ, ಈ ದಾರಿ ಇರಲ್ಲ."

ಅವರು ಹೇಳಿದ್ದು ಸುಳ್ಳಲ್ಲ. ಆ ಹೊಲಗಳಲ್ಲಿ ಈಗ ಮನೆಗಳಿವೆ. ಆದರೆ ಅವುಗಳಿಗಿಂತ ಮೊದಲು ಹೋದವಳು ಅವ್ವ.

ಎಲ್ಲ ತಪ್ಪೂ ಅವರದ್ದೇ ಎಂದರೆ ದೇವರು ಮೆಚ್ಚುವುದಿಲ್ಲ. ನಮ್ಮಲ್ಲಿ ಅತ್ತೆಯಾದವಳು ಅಳಿಯನ ಎದುರಿಗೆ ನಿಲ್ಲುವಂತಿಲ್ಲ. ಇವರು ಊರಿಗೆ ಬಂದರೆ ಅವ್ವ ಅಡುಗೆಮನೆಯ ಬಾಗಿಲ ಹಿಂದೆ ಸೇರುತ್ತಿದ್ದಳು. ಇವರು ಜಗಲಿಯ ಮೇಲೆ ಕೂತಿದ್ದರೆ, ಒಳಗಿನಿಂದ ಅವರಿಗೂ ಕೇಳುವ ಹಾಗೆ ನನ್ನನ್ನು ವಿಚಾರಿಸುವಳು: "ಅಳಿಯಂದ್ರು ಉಣ್ಣಕ್ಕೆ ಏಳ್ತಾರಾ, ಕೇಳವ್ವ." ಇವರು ಗೋಡೆಗೆ ಉತ್ತರ ಹೇಳಿದಂತೆ, "ಆಮೇಲೆ ಅಂತ ಹೇಳು," ಎನ್ನುವರು. ನನ್ನ ಮದುವೆಯಲ್ಲಿ ವಿಧವೆಯೆಂದು ಅವ್ವ ಮಂಟಪದ ಹತ್ತಿರ ಸುಳಿಯಲಿಲ್ಲ, ಹಾಗಾಗಿ ಆ ಫೋಟೋಗಳಲ್ಲೂ ಅವಳಿಲ್ಲ. ಇವರು ಒಂದು ಸಲ ನಮ್ಮ ಹಟ್ಟಿಯ ಮುಂದಿನ ಅಂಗಳವನ್ನು ತೆಗೆಯಲು ಕ್ಯಾಮೆರಾ ಎತ್ತಿದಾಗ, ರಾಗಿ ಕೇರುತ್ತಿದ್ದ ಅವ್ವ ಮೊರದ ಸಮೇತ ಒಳಕ್ಕೆ ಓಡಿದ್ದಳು.

"ಒಂದೇ ಒಂದು ತೆಗಿಸ್ಕೊಳವ್ವ," ಎಂದು ನಾನು ಒಳಗೆ ಹೋಗಿ ಬೇಡಿದೆ.

"ಅಳಿಯನ ಕಣ್ಣಿಗೇ ಬೀಳದೋಳು ಅಳಿಯನ ಡಬ್ಬಿ ಕಣ್ಣಿಗೆ ಬೀಳ್ತೀನಾ? ಬುಡು ಅತ್ಲಾಗೆ," ಎಂದು ನಕ್ಕಳು.

ನಾನು ಊರು ಸೇರುವ ಹೊತ್ತಿಗೆ ಅವ್ವನನ್ನು ಸ್ನಾನ ಮಾಡಿಸಿ, ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿದ್ದರು. ಬೆಳಗ್ಗೆ ಮುದ್ದೆ ಉಂಡು, ತಟ್ಟೆ ತೊಳೆದಿಟ್ಟು, ಒಂದು ಗಳಿಗೆ ಒರಗ್ತೀನಿ ಎಂದವಳು ಏಳಲಿಲ್ಲವಂತೆ. ಹಾಸಿಗೆ ಹಿಡಿಯಲಿಲ್ಲ, ಯಾರ ಕೈಯನ್ನೂ ಕಾಯಲಿಲ್ಲ. ಶಿವ ಅಷ್ಟು ಕರುಣೆ ತೋರಿದ.

ಫೋಟೋದ ಮಾತು ತೆಗೆದವಳು ನನ್ನ ಚಿಕ್ಕಮ್ಮ. "ಕೆಂಗೇರಿಯಿಂದ ಸ್ಟುಡಿಯೋದವನ್ನ ಕರ್ಸು. ಗೋಡೆಗೆ ಹಾಕಕ್ಕೆ ಒಂದು ಮೊಕ ಬೇಕಲ್ಲಪ್ಪ."

"ಮನೆ ಅಳಿಯನೇ ಬಹುಮಾನ ತಗಂಡಿರೋ ಫೋಟೋಗ್ರಾಫರು," ಎಂದ ಅಣ್ಣ. "ಸ್ಟುಡಿಯೋದವನ್ನ ಕರ್ಸಿದ್ರೆ ಅವರಿಗೇ ಅವಮಾನ. ಬರ್ಲಿ, ಕಾಯಣ."

ಕಾದೆವು. ಗುಂಡಿ ಸಿದ್ಧವಾಯಿತು. ಹೊತ್ತು ಮುಳುಗುವುದರೊಳಗೆ ಎಲ್ಲ ಮುಗಿಯಬೇಕೆಂದು ಅಯ್ಯನವರು ಅವಸರ ಮಾಡುತ್ತಿದ್ದರು. ಇನ್ನೇನು ಎತ್ತಬೇಕು ಎನ್ನುವಾಗ ಇವರು ಬಂದರು. ಕತ್ತಿನಲ್ಲಿ ಕ್ಯಾಮೆರಾ ಇತ್ತು. ಜನ ತಾವಾಗಿಯೇ ದಾರಿ ಬಿಟ್ಟರು. ಅಳಿಯನ ಎದುರಿಗೆ ಅದುವರೆಗೆ ಯಾರೂ ಮಾಡದ ಕೆಲಸವನ್ನು ಚಿಕ್ಕಮ್ಮ ಮಾಡಿದಳು. ಅವ್ವನ ಸೆರಗನ್ನು ಹಣೆಯಿಂದ ಹಿಂದಕ್ಕೆ ಸರಿಸಿ, "ತೆಗೀರಿ ಅಳಿಯಂದ್ರೆ. ಈಗ ಅಡ್ಡ ಮಾಡ್ಕಳಕ್ಕೆ ಅವಳ ಕೈಲಾಗಲ್ಲ," ಎಂದಳು.

ಇವರು ಕ್ಯಾಮೆರಾ ಎತ್ತಲಿಲ್ಲ. ತಲೆ ತಗ್ಗಿಸಿಕೊಂಡು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ರೀಲು ಮುಗಿದಿದೆ."

"ಒಂದೂ ಇಲ್ವಾ?"

"ಚರ್ಚಲ್ಲೇ ಹೆಚ್ಚು ಕಮ್ಮಿ ಆಗೋಗಿತ್ತು. ಸ್ವಲ್ಪ ಉಳಿದಿತ್ತು. ರೀಲು ಪೂರ್ತಿ ಆಗ್ದೆ ತೊಳೆಯಕ್ಕೆ ಕೊಡಕ್ಕಾಗಲ್ಲ ಅಂತ ಬರ್ತಾ ನಾಯಂಡಹಳ್ಳಿ ಹತ್ರ ಎಮ್ಮೆಗಳು ಹೋಗ್ತಿದ್ವಲ್ಲ, ಅವನ್ನ ತೆಗೆದು ಮುಗಿಸ್ಬಿಟ್ಟೆ."

ಪಕ್ಕದಲ್ಲಿದ್ದ ಚಿಕ್ಕಮ್ಮನಿಗೆ ಅದು ಕೇಳಿಸಿತು. "ಎಮ್ಮೆಗಿದ್ದ ಯೋಗ ನಮ್ಮಕ್ಕಂಗಿರಲಿಲ್ಲ ಬುಡು," ಎಂದು ಸೆರಗನ್ನು ಮತ್ತೆ ಅವ್ವನ ಹಣೆಯ ಮೇಲೆ ಎಳೆದಳು. ಇವರು ಗೌರವಕ್ಕೋ ನಾಚಿಕೆಗೋ ನೆಲ ನೋಡುತ್ತಲೇ ನಿಂತಿದ್ದರು. ಅವ್ವನನ್ನು ಎತ್ತಿಕೊಂಡು ಹೋದರು.

ಮನೆಗೆ ಬಂದ ಮೇಲೆ ಇವರ ಪೆಟ್ಟಿಗೆಗಳನ್ನೆಲ್ಲ ನೆಲಕ್ಕೆ ಸುರಿದುಕೊಂಡು ಹುಡುಕಿದೆ. ಕೆರೆಗಳಿದ್ದವು, ಗಾಡಿಗಳಿದ್ದವು, ಬಾವಿಕಟ್ಟೆಗಳಿದ್ದವು. ಗಂಟೆಗೋಪುರಗಳಂತೂ ಬೆಳಗಿನವು, ಸಂಜೆಯವು, ಮೋಡದವು. ನಮ್ಮ ಹಟ್ಟಿಯ ಅಂಗಳದ್ದೂ ಸಿಕ್ಕಿತು. ತೆರೆದ ಬಾಗಿಲು, ಅದರ ಹಿಂದೆ ಕತ್ತಲೆ, ಕತ್ತಲೆಯ ಅಂಚಿನಲ್ಲಿ ಮೊರ ಹಿಡಿದ ನಾಲ್ಕು ಬೆರಳು. ಅಷ್ಟೇ. ನಾನು ತಲೆಯೆತ್ತಿದಾಗ ಗೋಡೆಯ ಮೇಲಿನ ಆ ಮೆಟ್ಟಿಲ ಮುದುಕಿ ಕಂಡಳು. ಪಾಪ, ಅವಳೇನು ಮಾಡಿದ್ದಾಳೆ? ಆದರೂ ಅವತ್ತು ಅವಳನ್ನು ಕೆಳಗಿಳಿಸಿ, ಮುಖ ಗೋಡೆಗೆ ಮಾಡಿ ಇಟ್ಟೆ. ಇವರು ನೋಡಿ, ಸುರಿದಿದ್ದ ಫೋಟೋಗಳನ್ನು ಪೆಟ್ಟಿಗೆಗೆ ತುಂಬತೊಡಗಿದರು.

ಅವ್ವನ ಉತ್ತರಕ್ರಿಯೆಯ ಶಿವಗಣಾರಾಧನೆ ಹತ್ತಿರ ಬಂತು. ಅಣ್ಣ ನಮ್ಮಿಬ್ಬರನ್ನೂ ಕೆಂಗೇರಿಯ ಸ್ಟುಡಿಯೋಗೆ ಕರೆದೊಯ್ದ. ಫೋಟೋ ಇಲ್ಲದೆ ಸತ್ತವರ ಪಟ ಮಾಡುವುದು ಆ ಸ್ಟುಡಿಯೋದವರಿಗೆ ಹೊಸದೇನಲ್ಲ.

"ಅಮ್ಮನ ಮುಖಕ್ಕೆ ಹೋಲೋರು ಮನೇಲಿ ಯಾರಿದ್ದಾರೆ?" ಎಂದು ಕೇಳಿದರು. ಅಣ್ಣ ನನ್ನ ಕಡೆ ಕೈ ತೋರಿಸಿದ.

"ಹಾಗಾದ್ರೆ ಆಯ್ತು. ಕೂತ್ಕೊಳಿ ಅಕ್ಕ. ಕೂದ್ಲು ಬೆಳ್ಳಗೆ ಮಾಡ್ತೀನಿ, ಕೆನ್ನೆ ಒಳಕ್ಕೆ ಹಾಕ್ತೀನಿ. ತಾಳೀನೂ ಬಳೇನೂ ಸೆರಗಲ್ಲಿ ಮುಚ್ಕೊಳಿ. ಕುಂಕುಮ ಮಾತ್ರ ಒರೆಸಬೇಕಾಗುತ್ತೆ."

ಗಂಡ ಪಕ್ಕದಲ್ಲಿ ನಿಂತಿರುವಾಗ ಮುತ್ತೈದೆ ತನ್ನ ಕೈಯಿಂದ ಕುಂಕುಮ ಒರೆಸಿಕೊಳ್ಳುವುದೆಂದರೇನು? "ಆಗಲ್ಲ ಅಣ್ಣ," ಎಂದೆ.

"ಆರಾಧನೆ ದಿನ ಜನ ಯಾವುದಕ್ಕವ್ವ ಕೈ ಮುಗೀಬೇಕು? ಆ ಬಾಗಿಲ ಫೋಟೋಕ್ಕಾ? ಬೆರಳಿಗೆ ಹಾರ ಹಾಕದಾ?" ಎಂದ ಅಣ್ಣ. ಅವ್ವ ಯಾರ ಗೋಡೆಯ ಮೇಲೂ ಇಲ್ಲದೆ ಹೋಗುತ್ತಾಳೆ ಎಂಬ ಹೆದರಿಕೆ ನನಗಿದ್ದಷ್ಟೇ ಅವನಿಗೂ ಇತ್ತು.

ಆಗ ನಮ್ಮ ಮನೆಯವರು ಬಾಯಿ ಬಿಟ್ಟರು. "ಒರೆಸೋದು ಬೇಡ. ನೆಗೆಟಿವ್ ಮೇಲೆ ಟಚ್ ಮಾಡಿ ತೆಗೀಬಹುದು. ವಿಭೂತಿನೂ ಅಲ್ಲೇ ಬರೀಬಹುದು."

ಆ ಒಂದು ಮಾತಿಗೆ ಅವರನ್ನು ಅವತ್ತು ಮನಸ್ಸಿನಲ್ಲೇ ಹರಸಿದೆ. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಕೈಕಟ್ಟಿ ನಿಂತಿದ್ದವರು ಮುಂದೆ ಬಂದು, ದೀಪವನ್ನು ಈ ಕಡೆಯಿಂದ ಹಾಕಿಸಿ, ನನ್ನ ಗದ್ದ ಹಿಡಿದು ಒಂದಿಷ್ಟು ಕೆಳಗೆ ಮಾಡಿ, ಸೆರಗು ಸರಿಪಡಿಸಿದರು. "ಹಾಗೇ ಇರು. ಚೆನ್ನಾಗಿ ಬರುತ್ತೆ." ಅಷ್ಟು ವರ್ಷ ಅವರ ಹಿಂದೆ ಹೊಲ, ಕೆರೆ, ಚರ್ಚು ಸುತ್ತಿದವಳು ನಾನು. ಅವರು ನನ್ನನ್ನು ಬೆಳಕಿನಲ್ಲಿ ಕೂರಿಸಿ ನೋಡಿದ್ದು ಅದೇ ಮೊದಲು. ಅದೂ ನನಗಾಗಿ ಅಲ್ಲ.

ಪಟ ಬಂತು. ಬೆಳ್ಳಗಿನ ಕೂದಲು, ಬತ್ತಿದ ಕೆನ್ನೆ, ಹಣೆಯ ಮೇಲೆ ಮೂರು ಗೆರೆ ವಿಭೂತಿ. ಕುಂಕುಮವಿಲ್ಲದ ಹಣೆಯ ನಾನು. ಅವ್ವನ ಬಲಗಣ್ಣಿನ ರೆಪ್ಪೆ ಸ್ವಲ್ಪ ಜೋತಿತ್ತು, ಮೇಲಿನ ಹಲ್ಲೊಂದು ತುಟಿ ದಾಟುತ್ತಿತ್ತು. ಅದು ಯಾವುದೂ ಅದರಲ್ಲಿರಲಿಲ್ಲ. ಈಗ ಅವ್ವನನ್ನು ನೆನೆಯಲು ಕಣ್ಣು ಮುಚ್ಚಿದರೂ ಆ ಪಟವೇ ಮುಂದೆ ಬಂದು ನಿಲ್ಲುತ್ತದೆ. ಅದನ್ನು ಪಕ್ಕಕ್ಕೆ ಸರಿಸಿ ಆ ರೆಪ್ಪೆಯನ್ನು, ಆ ಹಲ್ಲನ್ನು ಹುಡುಕಿಕೊಳ್ಳಬೇಕು. ಇನ್ನೂ ಸಿಗುತ್ತಿವೆ, ದೇವರ ದಯೆ.

ಆರಾಧನೆಯ ದಿನ ಹಾರ ಹಾಕಿದ ಪಟದ ಮುಂದೆ ಬಂಧುಗಳೆಲ್ಲ ಅಡ್ಡಬಿದ್ದರು. "ಥೇಟ್ ನಿಮ್ಮವ್ವನೇ ಕಣವ್ವ, ಮಾತಾಡದೊಂದೇ ಬಾಕಿ," ಎಂದು ಯಾರೋ ಕಣ್ಣೊರೆಸಿಕೊಂಡರು. ಚಿಕ್ಕಮ್ಮ ಮಾತ್ರ ಒಮ್ಮೆ ಪಟವನ್ನೂ ಒಮ್ಮೆ ನನ್ನನ್ನೂ ನೋಡಿ, ನನ್ನ ಹಣೆಗೆ ಇನ್ನಷ್ಟು ಕುಂಕುಮ ಇಟ್ಟು ಹೋದಳು.

ನಮ್ಮ ಮನೆಯವರೂ ಕೈಮುಗಿದರು. ಬಹಳ ಹೊತ್ತು ನೋಡುತ್ತಾ ನಿಂತಿದ್ದು, ನಾನು ಅಡುಗೆಮನೆಗೆ ಹೋಗುತ್ತಿದ್ದಾಗ ತಡೆದು ಕೇಳಿದರು.

"ಅತ್ತೆ ಹೀಗೇ ಇದ್ರಾ?"

ಅವರು ತಮಾಷೆ ಮಾಡುತ್ತಿರಲಿಲ್ಲ. ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ. ಚರ್ಚಿನ ಯಾರೋ ಮುದುಕಿಯ ಗೆರೆಗಳನ್ನೆಲ್ಲ ಬಲ್ಲವರು, ತಮ್ಮ ಹೆಂಡತಿಯ ತಾಯಿಯನ್ನು ಒಮ್ಮೆಯೂ ಮುಖವೆತ್ತಿ ನೋಡಿರಲಿಲ್ಲ.

"ಹೂಂ. ಹೀಗೇ ಇದ್ರು," ಎಂದೆ.

ಒಳಗೆ ಅನ್ನ ಕುದಿ ಬಂದಿತ್ತು. ಹೋಗಿ ಗಂಜಿ ಬಸಿದೆ.