ನನ್ನ ಮದುವೆಗೆ ಬಂದ ಸೀಮೆ ರಗ್ಗು

ನನ್ನನ್ನು ಹಟಮಾರಿ ಎನ್ನುವವರು ಇವತ್ತಿಗೂ ಇದ್ದಾರೆ. ಎನ್ನಲಿ. ಹಟ ಮಾಡಿದ್ದು ನಿಜ, ಅದೂ ಮದುವೆ ಚಪ್ಪರದಲ್ಲಿ ನಿಂತು.

ಚಳ್ಳಕೆರೆ ಕಡೆಯ ನಮ್ಮ ಹಟ್ಟಿಯಲ್ಲಿ ಗಂಡು ಹೆಣ್ಣು ಕೂರುವ ಗದ್ದಿಗೆಗೆ ಹೆಣ್ಣಿನ ಮನೆಯ ಕುರಿಯ ಉಣ್ಣೆಯ ಕರಿಕಂಬಳಿಯನ್ನೇ ಹಾಸಬೇಕು. ನನ್ನ ಮದುವೆಯ ಕಂಬಳಿಗೆ ನೂಲು ತೆಗೆದವರು ಅವ್ವ ಮತ್ತು ನಾನು. ಅಪ್ಪ ಆ ನೂಲಿಗೆ ಹುಣಸೆಬೀಜದ ಗಂಜಿ ಬಳಿದು, ಒಣಗಿಸಿ, ನೇಯ್ದ. ಆ ವರ್ಷ ಅವನು ನೇಯ್ದದ್ದು ಅದೊಂದೇ. ಹಡಗಿನಲ್ಲಿ ಬಂದು, ಬಳ್ಳಾರಿವರೆಗೆ ರೈಲು ಹತ್ತಿ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಸೀಮೆ ರಗ್ಗುಗಳು ಸಂತೆಗೆ ಬಂದಿಳಿದ ಮೇಲೆ ನಮ್ಮ ಕಂಬಳಿಯನ್ನು ಮುಟ್ಟಿ ನೋಡುವವರೂ ಇರಲಿಲ್ಲ. ಯಾವ ದೇಶದ ಯಾವ ಕುರಿಯದೋ, ಅದಕ್ಕೇ ಮರ್ಯಾದೆ! ನನಗಂತೂ ಮೈ ಉರಿಯುತ್ತಿತ್ತು.

ಮದುವೆಯ ದಿನ ರಾಂಪುರದಿಂದ ಗಂಡಿನ ಕಡೆಯವರು ಬಂದರು. ಗಂಡಿನ ಸೋದರಮಾವ ಒಂದು ಕೆಂಪು ರಗ್ಗನ್ನು ಎಲ್ಲರಿಗೂ ಕಾಣುವಂತೆ ಕೊಡವಿ ಗದ್ದಿಗೆಗೆ ಹಾಸಿದರು.

"ಸೀಮೆ ಮಾಲು. ಬಣ್ಣ ನೋಡ್ರಿ, ಹೆಂಗೈತೆ!"

ಅಪ್ಪ ತನ್ನ ಕಂಬಳಿಯನ್ನು ಮಡಚಿ ಒಳಗಿಟ್ಟು ಬಂದ. ತಾನೇ ನೇಯ್ದದ್ದನ್ನು ಕದ್ದ ಮಾಲಿನಂತೆ ಅವನು ಬಚ್ಚಿಟ್ಟದ್ದು ನೋಡಿ ನನಗೆ ತಡೆಯಲಾಗಲಿಲ್ಲ.

"ನಾನು ಇದ್ರ ಮೇಲೆ ಕೂರಲ್ಲ," ಎಂದೆ.

ಅವ್ವ ತೋಳು ಚಿವುಟಿದಳು. "ಸುಮ್ಕಿರೇ, ಮದ್ವೆ ಮುರಿದು ಬೀಳ್ತೈತೆ."

"ಬೀಳ್ಲಿ."

ಸೋದರಮಾವ ಕೆಂಡವಾದರು. "ಹಿಂಗೆ ಮಾತಾಡೋ ಹೆಣ್ಣು ನಮಗೆ ಬ್ಯಾಡ. ಏಳ್ರಿ, ಗಾಡಿ ಕಟ್ರಿ!"

ಸುಳ್ಳು ಹೇಳುವುದಿಲ್ಲ, ಹೆದರಿದೆ. ಆದರೂ ಒಳಗೆ ಹೋಗಿ ಕಂಬಳಿ ತಂದು, ರಗ್ಗನ್ನು ಪಕ್ಕಕ್ಕೆ ಸರಿಸಿ, ಹಾಸಿ, ಒಬ್ಬಳೇ ಕೂತೆ. ಮದುಮಗಳು ತನ್ನ ಗದ್ದಿಗೆಯನ್ನು ತಾನೇ ಹಾಸಿಕೊಂಡಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

ಅಪ್ಪ ಹತ್ತಿರ ಬಂದ. ಹೊಡೆಯುತ್ತಾನೆ ಎಂದುಕೊಂಡೆ. ಅವನು ಬಗ್ಗಿ, ಸೊಟ್ಟಗಿದ್ದ ಕಂಬಳಿಯ ಅಂಚನ್ನು ಎಳೆದು ನೆಟ್ಟಗೆ ಮಾಡಿದ. ಆಮೇಲೆ ಸೋದರಮಾವನ ಕಡೆ ತಿರುಗಿದ.

"ನಮ್ಮನೆ ಗದ್ದಿಗೆ ಇದೇರಿ. ಕೂರಂಗಿದ್ರೆ ಕೂರ್ಲಿ, ಇಲ್ಲಾಂದ್ರೆ ಗಾಡಿ ಕಟ್ರಿ."

ಗಂಡು ತನ್ನ ಸೋದರಮಾವನ ಮುಖ ನೋಡಿದ, ನನ್ನ ಮುಖ ನೋಡಿದ. ಕೊನೆಗೆ ಬಂದು ಪಕ್ಕದಲ್ಲಿ ಕೂತ. ಕೂತವನೇ ಒಂದಿಷ್ಟು ಮಿಸುಕಾಡಿ, ನನಗಷ್ಟೇ ಕೇಳುವಂತೆ, "ಚುಚ್ತೈತೆ," ಎಂದ.

"ರೂಢಿ ಮಾಡ್ಕಳ್ರಿ," ಎಂದೆ.